ಭಾವನ ಬಲಗಾಲು

ನಮ್ಮ ಭಾವನ ಬಲಗಾಲು ಸುಮ್ಮನಿದ್ದುದನ್ನು ನಾನು ಕಂಡದ್ದು ಕಡಿಮೆ. ಊಟಕ್ಕೆ ಕೂತಿರಲಿ, ಟಿವಿ ಮುಂದೆ ಕೂತಿರಲಿ, ಹೆಬ್ಬೆರಳು ನೆಲವನ್ನು ಒತ್ತುತ್ತಾ ಬಿಡುತ್ತಾ ಇರುತ್ತಿತ್ತು, ಕಾಣದ ಆ್ಯಕ್ಸಿಲರೇಟರೊಂದು ಅಲ್ಲೇ ಇದ್ದ ಹಾಗೆ. ಕಾಫಿಯನ್ನು ನಿಂತೇ ಕುಡಿಯುವರು, ಅದೂ ಅರ್ಧ. ಉಳಿದದ್ದು ಕಿಟಕಿಯಲ್ಲೋ ಕಾರಿನ ಬಾನೆಟ್ ಮೇಲೋ ಆರಿಕೊಂಡಿರುತ್ತಿತ್ತು. "ನಿಮ್ ಭಾವ ಎಲ್ಲವ್ರೆ ಅಂತ ಕೂಗ್ಬೇಡ ಕಣೇ, ಲೋಟ ಹುಡುಕ್ಕೊಂಡು ಹೋಗು" ಎನ್ನುತ್ತಿದ್ದಳು ಅಕ್ಕ.

ಚನ್ನಪಟ್ಟಣದವರು. ಮದುವೆಯಾಗಿ ಮಾಗಡಿಗೆ ಬಂದು, ನಮ್ಮ ಪಕ್ಕದ ಮನೆಯಲ್ಲೇ ಸಂಸಾರ ಹೂಡಿ, ಹಿತ್ತಿಲಲ್ಲಿ ಲೇತ್ ಇಟ್ಟುಕೊಂಡು ಮರದ ಬೊಂಬೆ ಕಡೆಯುತ್ತಿದ್ದರು. ಅಕ್ಕನ ಕಿಡ್ನಿ ಕೈಕೊಟ್ಟ ಮೇಲೆ ಆ ಕೆಲಸ ಹಿಂದೆ ಬಿತ್ತು. ವಾರಕ್ಕೆರಡು ಸಲ ಡಯಾಲಿಸಿಸ್‌ಗೆ ರಾಮನಗರಕ್ಕೆ ಹೋಗಬೇಕು. ಬಸ್ಸಿನ ನೂಕಾಟ ಅವಳಿಗೆ ಆಗದು. ಇದ್ದದ್ದೊಂದು ಹಳೇ ಕಾರು. ಎಸಿ ಹಾಕಿದರೆ ಅದು ಏರು ಹತ್ತದು, ಎಸಿ ಆರಿಸಿದರೆ ಅಕ್ಕನಿಗೆ ವಾಂತಿ. ಪ್ರತಿ ಏರಿನಲ್ಲೂ ಭಾವ ಅಕ್ಕನ ಮುಖವನ್ನು ಓರೆಗಣ್ಣಲ್ಲಿ ನೋಡುತ್ತಾ ಎಸಿ ಗುಂಡಿಯತ್ತ ಕೈ ಚಾಚುವುದನ್ನು ಹಿಂದಿನ ಸೀಟಿನಿಂದ ನೋಡುವುದೇ ನನಗೆ ಕಷ್ಟವಾಗುತ್ತಿತ್ತು.

"ಈ ಗಾಡೀನ ಮಾರ್ಬುಡಿ ಭಾವ" ಎಂದೆ ಒಮ್ಮೆ.

"ಮಾರೋದೇನ್ ಮಹಾ. ಇದ್ಕೆ ಉಸ್ರು ಕಟ್ತಾ ಐತೆ ಕಣಮ್ಮ. ಮೊದ್ಲು ಉಸ್ರು ಕೊಡ್ಬೇಕು, ಆಮೇಲೆ ಕೆಲ್ಸ ಕೇಳ್ಬೇಕು."

ಅದೇ ವಾರ ಗುಜರಿ ಅಂಗಡಿಯಿಂದ ಒಂದು ಥ್ರಾಟಲ್ ಬಾಡಿ ತಂದರು. ಕಾಲಲ್ಲಿ ಒತ್ತಿದಂತೆಲ್ಲ ಒಳಗಿನ ಬಿಲ್ಲೆ ತಿರುಗಿ ಎಂಜಿನ್ನಿಗೆ ಗಾಳಿ ಬಿಡುವ ಭಾಗವಂತೆ ಅದು. ಇವರು ತಂದದ್ದು ಇದೇ ಜಾತಿಯ ದೊಡ್ಡ ಕಾರಿನದು, ಬಾಯಿ ಅಗಲ. ಅದಕ್ಕೆ ಸರಿಯಾಗಿ ಎಂಜಿನ್ನಿನ ಕಡೆಯ ಬಾಯನ್ನೂ ಅರ ಹಾಕಿ ಉಜ್ಜಿ ಅಗಲ ಮಾಡಬೇಕು. ಲೋಹದ ಪುಡಿ ಒಳಗೆ ಬೀಳದಿರಲೆಂದು ಲೇತಿನಲ್ಲಿ ಒಂದು ಮರದ ಬಿರಡೆ ಕಡೆದು, ಬೊಂಬೆಗೆ ಹಾಕುವ ಕೆಂಪು ಅರಗನ್ನು ಅದಕ್ಕೂ ಬಳಿದರು.

"ಎಂಜಿನ್ನೊಳಕ್ ಹೋಗೋ ಮರದ್ ತುಂಡ್ಗೂ ಬಣ್ಣವಾ?" ಜಗಲಿಯಿಂದ ಅಕ್ಕ.

"ಬಣ್ಣ ಇಲ್ದಿದ್ರೆ ಒಳಗೇ ಮರ್ತ್ಬುಡ್ತೀನಿ ಕಣೆ."

ಆಸ್ಪತ್ರೆಯ ಸರದಿಯ ಹಿಂದಿನ ದಿನ ಬೆಳಿಗ್ಗೆ ಹಳೆಯದು ಬಿಚ್ಚಿದರು. ಉಜ್ಜಿದರು, ಬಿರಡೆ ತೆಗೆದರು, ಹೊಸದಕ್ಕೆ ಪೂಜೆ ಮಾಡಿ ಕೂರಿಸಿದರು. ಕೀಲಿ ತಿರುಗಿಸಿದರೆ, ಕಾಲೇ ಇಡದೆ ಎಂಜಿನ್ ಭೋರೆಂದು ಅರಚತೊಡಗಿತು. ಕೇಬಲ್ ಸಡಿಲ ಮಾಡಿದರು, ಅರಚಿತು. ಎರಡು ಬಾಯಿಗಳ ನಡುವೆ ಕೂರುವ ಗ್ಯಾಸ್ಕೆಟ್ ಹಾಳೆಯಲ್ಲಿ ಗಾಳಿ ಸೋರುತ್ತಿದೆಯೆಂದು ಬಿಚ್ಚಿ, ಹೊಸದು ಕತ್ತರಿಸಿ ಹಾಕಿದರು, ಮತ್ತೂ ಅರಚಿತು. ಅನ್ನ ಆರಿತು. ಬಾನೆಟ್ಟಿನಿಂದ ಗೇಟಿಗೆ, ಗೇಟಿನಿಂದ ಬಾನೆಟ್ಟಿಗೆ ಭಾವ ತಿರುಗಿದ್ದೇ ತಿರುಗಿದ್ದು. "ನಾಳೆ ಹೆಂಗಮ್ಮ ಕರ್ಕೊಂಡ್ ಹೋಗ್ಲಿ ಇವ್ಳ್ನ?" ಎಂದರು. ನಾನು ಬಾಡಿಗೆ ಕಾರಿಗೆ ಹೇಳಲೆಂದು ಫೋನು ತೆಗೆದೆ.

ಆಗ ಅಕ್ಕ ಮೂಗು ಅರಳಿಸಿದಳು. ಕಾಯಿಲೆ ಬಂದಮೇಲೆ ಅವಳ ಮೂಗು ಬಲು ಚುರುಕು. "ರೀ, ಆ ಎಂಜಿನ್ನಿಂದ ದೇವ್ರ ಮನೆ ವಾಸ್ನೆ ಬತ್ತೈತಲ್ಲಾ! ಗಂಧ ಎಲ್ಲೆಲ್ಲಿ ಮೆತ್ತಿದ್ರಿ?"

ಭಾವ ನಿಂತಲ್ಲೇ ನಿಂತರು. ಗಾಳಿಗೆ ಇದೇ ಬಾಗಿಲು, ಬಾಗಿಲಿಗೆ ಪೂಜೆಯಾಗದೆ ಹೇಗೆಂದು, ಒಳಗಿನ ಬಿಲ್ಲೆಯ ಅಂಚಿಗೂ ಗಂಧ ಕುಂಕುಮ ಧಾರಾಳವಾಗಿ ಬಳಿದಿದ್ದರು. ಅದು ದಪ್ಪಗೆ ಮೆತ್ತಿಕೊಂಡು, ಕಾವಿಗೆ ಇನ್ನೂ ಗಟ್ಟಿಯಾಗಿ, ಬಿಲ್ಲೆ ಪೂರಾ ಮುಚ್ಚದಂತೆ ತಡೆದಿತ್ತು. ಬಿಚ್ಚಿ ಒರೆಸಿದ ಮೇಲೆ ಎಂಜಿನ್ ಸಾಧುವಾಯಿತು. "ದೇವ್ರು ನನ್ ಭಕ್ತಿ ತಡೀನಾರ್ದೆ ಕೂಗ್ಕೊಂಡವ್ನೆ" ಎಂದು ಅವರೇ ನಕ್ಕರು. ಅಕ್ಕ ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು.

ಮರುದಿನ ಏರಿನಲ್ಲಿ ಭಾವನ ಕೈ ಎಸಿಯತ್ತ ಹೋಗಲಿಲ್ಲ. ಅಕ್ಕ ನಿದ್ದೆ ಹೋಗಿದ್ದಳು, ಏರು ಬಂದದ್ದೂ ಅವಳಿಗೆ ತಿಳಿಯಲಿಲ್ಲ.

ಆಸ್ಪತ್ರೆಯಲ್ಲಿ ಕಾಯುತ್ತಾ ಕೂರುವುದು ಭಾವನಿಂದ ಆಗದು. ಅವಳನ್ನು ಒಳಗೆ ಬಿಟ್ಟು ಕೆಂಗಲ್ ಆಂಜನೇಯನಿಗೆ ಕೈಮುಗಿಯಲು ಹೊರಡುವರು, ಜೊತೆಗೆ ನಾನು. ಅಲ್ಲಿಯ ಒಳರಸ್ತೆಗಳಲ್ಲೇ ನನ್ನ ಕೈಗೆ ಸ್ಟೇರಿಂಗ್ ಕೊಟ್ಟದ್ದು. ಈ ವಯಸ್ಸಿನಲ್ಲಿ ನನಗ್ಯಾಕೆ ಭಾವ ಎಂದರೆ, "ನನ್ ಕಾಲ್ ನೋವಾದ್ರೆ ಯಾರವ್ರೆ? ಒಸಿ ಒತ್ತು. ತುಳೀಬೇಡ, ಒತ್ತು" ಎನ್ನುವರು.

ಹೋದ ವರ್ಷ ಒಂದು ಬೆಳಿಗ್ಗೆ ಕಾಫಿ ಲೋಟ ಹಿಡಿದು ನಿಂತಿದ್ದವರು ಹಾಗೇ ಕುಸಿದರು. ಎದೆ ನಿಂತಿತ್ತು. ಲೋಟದಲ್ಲಿ ಅರ್ಧ ಇತ್ತು.

ಮಣ್ಣು ಮಾಡಿದ ಮಾರನೆಯ ದಿನವೇ ಅಕ್ಕನ ಸರದಿ. ತಿಥಿಯಾಗುವವರೆಗೆ ಅವಳು ಹೊಸ್ತಿಲು ದಾಟುವಂತಿಲ್ಲವೆಂದು ಹಿರಿಯರು ಪಟ್ಟು ಹಿಡಿದು ಕೂತರು. "ಒಂದ್ಸಲ ತಪ್ಪುದ್ರೆ ಏನಾದಾತು?" ಎಂದರು ದೊಡ್ಡಮ್ಮ. ಏನಾಗುತ್ತದೆಂದು ನನಗೆ ಗೊತ್ತಿತ್ತು. ಒಮ್ಮೆ ಸರದಿ ತಪ್ಪಿ ಅವಳ ಮುಖ ಊದಿ, ಉಸಿರಿಗೆ ಪರದಾಡಿದ್ದನ್ನು ಭಾವನೂ ನಾನೂ ನೋಡಿದ್ದೆವು. ನಾನು ಗೋಡೆಯ ಮೊಳೆಯಿಂದ ಕಾರಿನ ಕೀಲಿ ತೆಗೆದುಕೊಂಡೆ. "ಶಾಸ್ತ್ರ ಏನಿದ್ರೂ ಬಂದ್ಮೇಲೆ ಮಾಡ್ಸಿ ದೊಡ್ಡಮ್ಮ. ಏಳಕ್ಕ" ಎಂದೆ.

ಕಾರಿನಲ್ಲಿ, ಡ್ಯಾಶ್‌ಬೋರ್ಡಿನ ಗೂಡಿನಲ್ಲಿ ಭಾವ ಇಟ್ಟುಕೊಂಡಿದ್ದ ಆ ಕೆಂಪು ಬಿರಡೆಯನ್ನು ಅಕ್ಕ ಕೈಗೆತ್ತಿಕೊಂಡಳು. ದಾರಿಯುದ್ದಕ್ಕೂ ಅತ್ತಳು. ಏರು ಬಂತು. ನನ್ನ ಕೈ ತಾನಾಗಿ ಎಸಿಯತ್ತ ಹೋಗಿ ಹಿಂದೆ ಬಂತು. ಬಲಗಾಲ ಹೆಬ್ಬೆರಳಿನ ತುದಿಯಲ್ಲಿ ಒಸಿಯೇ ಒತ್ತಿದೆ. ಗಾಡಿ ಒಂದು ಉಸಿರೆಳೆದುಕೊಂಡು ಹತ್ತಿತು. ಪಕ್ಕದಲ್ಲಿ ಅಳು ನಿಂತಿತ್ತು. ಓರೆಗಣ್ಣಲ್ಲಿ ನೋಡಿದೆ: ಬಿರಡೆಯನ್ನು ಮುಷ್ಟಿಯಲ್ಲಿ ಹಿಡಿದೇ ಅಕ್ಕ ನಿದ್ದೆ ಹೋಗಿದ್ದಳು.