ಗ್ರಂಥಾಲಯ ಕರ

ಖಟಕ್-ಖಟಕ್, ಖಟಕ್-ಖಟಕ್. ಬನಹಟ್ಟಿಯ ನಮ್ಮ ಓಣಿಯಲ್ಲಿ ಪವರ್‌ಲೂಮಿನ ಆ ಸದ್ದು ಗೋಡೆ ದಾಟಿ ಬರುತ್ತಿತ್ತು. ಪಕ್ಕದ ಮನೆಯಾಕೆಯ ಪಡಸಾಲೆಯ ತುಂಬ ಮಗ್ಗಗಳೇ. ಮಗ್ಗದ ಕಂಡಿಕೆಗೆ ನೂಲು ಸುತ್ತುತ್ತಲೇ ಮುಪ್ಪಾದ ಅವಳಿಗೆ ಓದುವ ಹುಚ್ಚು. ಚುರುಮುರಿ ಕಟ್ಟಿಕೊಟ್ಟ ಕಾಗದವನ್ನೂ ಬಿಡುತ್ತಿರಲಿಲ್ಲ. "ಒಂದ್ ತಾಸು ಎಲ್ಲರೆ ಸುಮ್ನ ಕುಂತು ಓದಬೇಕ್ರಿ ಬಾಯಾರ, ಅಷ್ಟ ನನ್ನ ಆಸೆ," ಎಂದು ನನಗೆ ಹೇಳುತ್ತಿದ್ದಳು.

ಆ ವರ್ಷ ಮನೆಪಟ್ಟಿಯ, ಅಂದರೆ ಮನೆ ತೆರಿಗೆಯ, ರಸೀದಿ ಬದಲಾಯಿತು. ಮೊದಲು ಒಟ್ಟು ಮೊತ್ತ ಮಾತ್ರ ಇರುತ್ತಿತ್ತು; ಈಗ ಯಾವುದಕ್ಕೆ ಎಷ್ಟು ಎಂದು ಬೇರೆಬೇರೆ ಅಚ್ಚಾಗಿ ಬಂತು. ನನಗೆ ಖುಷಿಯೋ ಖುಷಿ. ನಾನು ಓದಿದ ಕಾನ್ವೆಂಟಿನ ಹಾಸ್ಟೆಲ್ಲಿನಲ್ಲಿ ಪಾಕೆಟ್ ಮನಿಯ ಲೆಕ್ಕಕ್ಕೆ 'ಮಿಸಲೇನಿಯಸ್' ಎಂದು ಬರೆದರೆ ಸಿಸ್ಟರ್ ಕೆಂಪು ಗೆರೆ ಎಳೆಯುತ್ತಿದ್ದರು. ಸರ್ಕಾರಕ್ಕೂ ಅಂಥ ಸಿಸ್ಟರ್ ಒಬ್ಬರು ಸಿಕ್ಕಿರಬೇಕು, ಥ್ಯಾಂಕ್ ಗಾಡ್, ಎಂದುಕೊಂಡೆ.

ಕಟ್ಟೆಯ ಮೇಲೆ ಕುಳಿತು ಅವಳ ರಸೀದಿಯನ್ನು ಇಬ್ಬರೂ ಓದಿದೆವು.

"ಭಿಕ್ಷುಕರ ಕರ! ಅಯ್ಯ, ಇದಕ್ಕೂ ಕೊಟ್ಟೇನಿ ಅಂದ್ರ, ಬಾಗಲಕ್ಕ ಬಂದವರಿಗೆ ಇನ್ನ ಮುಂದ ಹೋಗು ಅನಬಹುದಲ್ರಿ?"

"ಅಂದು ನೋಡು," ಎಂದೆ.

"ನಾಲಿಗಿ ಏಳಬೇಕಲ್ರಿ," ಎಂದು ನಕ್ಕವಳ ಬೆರಳು ಕೆಳಗಿನ ಸಾಲಿನ ಮೇಲೆ ನಿಂತಿತು. ಗ್ರಂಥಾಲಯ ಕರ.

"ಖರೆ ಏನ್ರಿ ಇದು? ಇಷ್ಟು ವರ್ಷ ರೊಕ್ಕಾ ಕೊಟ್ಟೇನಿ, ಒಂದಿನಾನೂ ಒಳಗ ಕಾಲಿಟ್ಟಿಲ್ಲ!"

"ನಾನೂ ಇಟ್ಟಿಲ್ಲ ಬಿಡು."

"ಹಂಗಾರ ಏಳ್ರಿ, ಹೋಗೂನು."

ಪೇಟೆಯ ವಾಚನಾಲಯದ ತುಂಬ ಗಂಡಸರು. 'ಮಹಿಳೆಯರಿಗೆ' ಎಂದು ಬರೆದಿದ್ದ ಮೇಜಿನ ಮೇಲೆ ಅವರ ಟೊಪ್ಪಿಗೆ, ಕೈಚೀಲ. ವಯಸ್ಸಾದವರೊಬ್ಬರು ಕನ್ನಡಕದ ಮೇಲಿಂದ ನೋಡಿ, "ಯಾರನ್ನ ಕರಿಯಾಕ ಬಂದೀರವಾ?" ಎಂದರು.

"ಯಾರನ್ನೂ ಅಲ್ರಿ ಯಜ್ಜಾ, ಪೇಪರ್ ಓದಾಕ ಬಂದೇವಿ. ಇದಕ್ಕ ನಾನೂ ಪಟ್ಟಿ ಕಟ್ಟೇನಿ," ಎಂದು ಅವಳು ರಸೀದಿ ಬಿಚ್ಚಿ ಹಿಡಿದಳು. "ನಿಮ್ಮ ಟೊಪ್ಪಿಗಿ ಪಟ್ಟಿ ಕಟ್ಟೈತೇನ್ರಿ?"

ಇಡೀ ಕೋಣೆ ನಕ್ಕಿತು. ಯಜ್ಜನೂ ನಗುತ್ತಲೇ ಟೊಪ್ಪಿಗೆ ಎತ್ತಿ ತಲೆಗೆ ಇಟ್ಟುಕೊಂಡರು.

ಅಂದಿನಿಂದ ಮಧ್ಯಾಹ್ನದ ಒಂದು ತಾಸು ಅವಳದಾಯಿತು. ಕ್ರಮೇಣ ಓಣಿಯ ಬೇರೆ ಹೆಂಗಸರೂ ಜೊತೆಯಾದರು. ನಾನೂ ಹೋಗುತ್ತಿದ್ದೆ, ಆದರೆ ನನಗೆ ಓದುವುದಕ್ಕಿಂತ ಅವಳು ಓದುವುದನ್ನು ನೋಡುವುದೇ ಹೆಚ್ಚು ಇಷ್ಟ.

ನಾನು ಊರು ಬಿಟ್ಟು ಜಮಖಂಡಿಯ ತಂಗಿಯ ಮನೆಗೆ ಹೊರಟ ದಿನ, ಬಸ್ ಹಿಡಿಯುವ ಮೊದಲು ಹೇಳಿಹೋಗೋಣವೆಂದು ವಾಚನಾಲಯದ ಬಾಗಿಲಿಗೆ ಹೋದೆ. ಅವಳು ವಾರಪತ್ರಿಕೆಯ ಧಾರಾವಾಹಿಯಲ್ಲಿ ಮುಳುಗಿದ್ದಳು. ತುಟಿ ಮೆಲ್ಲಗೆ ಅಲುಗುತ್ತಿತ್ತು. ಮರುವರ್ಷ ಅವಳು ತೀರಿಹೋದ ಸುದ್ದಿ ಬರುತ್ತದೆಂದು ಯಾರಿಗೆ ಗೊತ್ತಿತ್ತು? ಪುಟ ಮುಗಿಯಲಿ ಎಂದು ಸ್ವಲ್ಪ ಹೊತ್ತು ನಿಂತೆ. ಅವಳು ಹಾಳೆ ತಿರುಗಿಸಿ ಮತ್ತೆ ಓದತೊಡಗಿದಳು. ನಾನು ಕರೆಯಲಿಲ್ಲ.