ಬಿಸಿಲಿಗೆ ಹಾಕಿದ ಅರಿಷಿಣ

ಅಕ್ಕೋರ ಕೆಳತುಟಿಯ ಎಡಮೂಲೆಯಲ್ಲಿ ಯಾವಾಗಲೂ ಮೂರು ಗುಂಡುಪಿನ್ನುಗಳಿರುತ್ತಿದ್ದವು. ಬಟ್ಟೆ ಕತ್ತರಿಸುವಾಗ, ಅಳತೆ ತೆಗೆಯುವಾಗ, ಬಾಗಿಲಿಗೆ ಬಂದ ತರಕಾರಿಯವನ ಜೊತೆ ಬದನೆಕಾಯಿಗಾಗಿ ಜಗಳವಾಡುವಾಗಲೂ ಅವು ಅಲ್ಲೇ. ಮಾತು ಪಿನ್ನುಗಳ ಪಕ್ಕದಿಂದ ನುಸುಳಿ ಬರುತ್ತಿತ್ತು. ಆದರೆ ನಗಬೇಕಾದರೆ, ಇಲ್ಲವೇ ಜೋರಾಗಿ ಬೈಯಬೇಕಾದರೆ, ಅವರು ಮೊದಲು ಪಿನ್ನುಗಳನ್ನು ಒಂದೊಂದಾಗಿ ತೆಗೆದು ಸೆರಗಿನ ಅಂಚಿಗೆ ಚುಚ್ಚಿಕೊಳ್ಳುತ್ತಿದ್ದರು. ಮೂರನೆಯ ಪಿನ್ನು ಹೊರಬರುವವರೆಗೆ ಬರುವುದು ನಗುವೋ ಬೈಗುಳವೋ ನಮಗೆ ಗೊತ್ತಾಗುತ್ತಿರಲಿಲ್ಲ. ನಾವು ಹೊಲಿಯುವುದು ಬಿಟ್ಟು ಅವರ ಬಾಯಿಯನ್ನೇ ನೋಡುತ್ತ ಕೂಡುತ್ತಿದ್ದೆವು.

ಅವರು ಹೋದ ತಿಂಗಳು ತೀರಿಕೊಂಡರು. ನನಗೆ ಬರೆದು ಅಭ್ಯಾಸವಿಲ್ಲ. ಆದರೂ ಮಷೀನಿನ ಮುಂದೆ ಕೂತರೆ ಕೈ ಓಡುತ್ತಿಲ್ಲ, ಅದಕ್ಕೆ ಬರೆಯುತ್ತಿದ್ದೇನೆ.

ನಾನು ವಡ್ಡು ಗ್ರಾಮದವಳು. ನನ್ನ ಗಂಡ ಅದಿರಿನ ಲಾರಿ ಓಡಿಸುತ್ತಿದ್ದರು. ಒಂದು ದಿನ ರಸ್ತೆಯಲ್ಲೇ ಜೀವ ಹೋಯಿತು. ಆಮೇಲೆ ಅಣ್ಣನ ಮನೆ ಸೇರಿದೆ. ಅತ್ತಿಗೆ ಕೆಟ್ಟವಳಲ್ಲ, ಊಟಕ್ಕೆ ಎಂದೂ ಕಡಿಮೆ ಮಾಡಲಿಲ್ಲ. ಮನೆಯಲ್ಲಿ ಪೂಜೆಯಾಗಿ ಆರತಿಯ ಹೊತ್ತು ಬಂದಾಗ ಮಾತ್ರ, "ಒಳಗ ಹಾಲು ಉಕ್ಕತೈತೇನೋ ನೋಡವ್ವಾ" ಎನ್ನುತ್ತಿದ್ದಳು. ಒಳಗೆ ಒಲೆಯ ಮೇಲೆ ಹಾಲು ಇರುತ್ತಿರಲಿಲ್ಲ. ಎರಡು ವರ್ಷ ನಾನು ಆ ಇಲ್ಲದ ಹಾಲನ್ನು ನೋಡಿಕೊಂಡೆ.

ಕುರೆಕುಪ್ಪದಲ್ಲಿ ಹೊಲಿಗೆ ಕಲಿಸುತ್ತಾರೆ, ನನ್ನಂಥ ಬಡವರಿಗೇ ಅಂತೆ ಎಂಬ ಸುದ್ದಿ ಬಂದಾಗ ಹೋದೆ. ಬಾಡಿಗೆಯ ಒಂದು ಉದ್ದ ಕೋಣೆ, ಹತ್ತು ಮಷೀನು, ಹಣೆಗೆ ವಿಭೂತಿ ಬಳಿದು ಕೊರಳಿಗೆ ಅಳತೆಯ ಟೇಪು ಹಾಕಿಕೊಂಡ ಒಬ್ಬ ದಪ್ಪ ಹೆಂಗಸು. ಕಲಿಸುವವರಾದ್ದರಿಂದ ಎಲ್ಲರಿಗೂ ಅವರು ಅಕ್ಕೋರು. ಮದುವೆಯಾಗಿರಲಿಲ್ಲ. ಯಾಕ್ರಿ ಎಂದು ಯಾರಾದರೂ ಕೇಳಿದರೆ, "ಅಳತಿ ಸರಿ ಬರಲಿಲ್ಲ" ಎಂದು ಕತ್ತರಿ ಎತ್ತಿಕೊಳ್ಳುತ್ತಿದ್ದರು.

ಮೊದಲ ವಾರ ನನಗೆ ಬಟ್ಟೆಯನ್ನೇ ಕೊಡಲಿಲ್ಲ. ಹಳೆಯ ಪೇಪರಿನ ಮೇಲೆ ಗೆರೆ ಎಳೆದು, ಸೂಜಿಗೆ ದಾರವಿಲ್ಲದೆ ಆ ಗೆರೆಯ ಮೇಲೆ ಹೊಲಿಯಲು ಹೇಳಿದರು. ದಾರ ಕೊಟ್ಟ ಮೇಲೆ ಅವರ ಬಾಯಿಂದ ನಾನು ಹೆಚ್ಚು ಕೇಳಿದ ಮಾತು ಒಂದೇ: "ಬಿಚ್ಚು."

"ಅಕ್ಕೋರೇ, ಒಂದು ಎಳಿ ಅಷ್ಟ ಸೊಟ್ಟ ಆಗೇತ್ರಿ."

"ಅದನ್ನ ಒಂದನ್ನ ಬಿಚ್ಚು. ನಾ ಏನ್ ಸೀರಿ ಬಿಚ್ಚು ಅಂದ್ನೇನು?"

ಕೋಣೆಯ ತುಂಬ ನಗು. ಗಂಡ ಹೋದ ಮೇಲೆ ನಾನು ನಾಲ್ಕು ಜನರ ನಡುವೆ ಕೂತು ನಕ್ಕದ್ದು ಅದೇ ಮೊದಲು.

ಆ ಮಷೀನುಗಳು ಕಡಲಾಚೆಯಿಂದ ಬಂದ ಕಥೆಯನ್ನು ಅಕ್ಕೋರು ತಿಂಗಳಿಗೊಮ್ಮೆಯಾದರೂ ಹೇಳುತ್ತಿದ್ದರು. ಹಂಪಿ ನೋಡಲು ಬಂದ ಒಬ್ಬ ವಯಸ್ಸಾದ ವಿದೇಶಿ ಹೆಂಗಸಿನ ಚೀಲದ ಪಟ್ಟಿ ಹೊಸಪೇಟೆ ಬಸ್‌ಸ್ಟ್ಯಾಂಡಿನಲ್ಲಿ ಹರಿದು, ಸಾಮಾನೆಲ್ಲ ನೆಲದ ಮೇಲೆ ಚೆಲ್ಲಿತಂತೆ. ಅಕ್ಕೋರು ಪಕ್ಕದ ಬೆಂಚಿನಲ್ಲಿದ್ದರು. ಕೇಳದೆಯೇ ಚೀಲ ಎಳೆದುಕೊಂಡು ತಮ್ಮ ಬಸ್ಸು ಬರುವುದರೊಳಗೆ ಹೊಲಿದುಕೊಟ್ಟರು. ಆ ಹೆಂಗಸು ಹೊಲಿಗೆಯನ್ನು ಎಳೆದು ನೋಡಿದಳು. ಬಿಚ್ಚಿಕೊಳ್ಳಲಿಲ್ಲ. ಅವಳ ಊರಿನಲ್ಲಿ ಮುದುಕಿಯರೇ ಸೇರಿ ಕಟ್ಟಿಕೊಂಡ ಒಂದು ಸಣ್ಣ ಸಂಘವಿತ್ತು. ಮನೆಯಲ್ಲಿ ಕೇಕು ಮಾಡಿ ಮಾರಿ, ದೂರದ ದೇಶಗಳ ಬಡ ಹೆಂಗಸರಿಗೆ ಕಸುಬು ಕಲಿಸಿ ಸಣ್ಣ ವ್ಯಾಪಾರಕ್ಕೆ ಹಚ್ಚುವುದು ಅವರ ಕೆಲಸ. ಆ ಬೆಂಚಿನಿಂದಲೇ ನಮ್ಮ ಕೋಣೆ ಹುಟ್ಟಿತು. ನಾವು ಅವಳನ್ನು ಫಾರಿನ್ನಮ್ಮ ಎನ್ನುತ್ತಿದ್ದೆವು. ಅಕ್ಕೋರಿಗೆ ಗೊತ್ತಿದ್ದ ಇಂಗ್ಲಿಷು "ಓಕೆ ಮೇಡಂ" ಮತ್ತು "ಟುಮಾರೋ ಮೇಡಂ". ಈ ಎರಡರಲ್ಲೇ ಎಲ್ಲ ವ್ಯವಹಾರ ನಡೆಯುತ್ತಿತ್ತು.

ಸಂಘದ ಕರಾರು ಸರಳವಾಗಿತ್ತು. ಒಂದು ವರ್ಷ ಕೋಣೆ, ಬಟ್ಟೆ, ಮಷೀನು ಎಲ್ಲ ಅವರದು. ವರ್ಷದ ಕೊನೆಗೆ ನಾವು ಹೊಲಿದ ನಲವತ್ತು ಬಿಳಿಯ ಕೈಚೀಲ ಅವರ ಊರಿನ ಬೇಸಿಗೆ ಸಂತೆಗೆ ಹೋಗಬೇಕು. ಅಲ್ಲಿನ ಅಂಗಡಿಯವರು ಒಪ್ಪಿದರೆ ನಮಗೆ ತಿಂಗಳು ತಿಂಗಳು ಕೆಲಸ. ಒಪ್ಪದಿದ್ದರೆ ಮಷೀನುಗಳು ಬೇರೆ ಊರಿನ ಹೆಂಗಸರಿಗೆ. ನಾನು ಮತ್ತೆ ಇಲ್ಲದ ಹಾಲಿನ ಹತ್ತಿರ.

ಏಪ್ರಿಲ್ ಹೊತ್ತಿಗೆ ನಲವತ್ತೂ ಮುಗಿದವು. ಇಸ್ತ್ರಿಯಾಗಿ ಮೇಜಿನ ಮೇಲೆ ಮಲ್ಲಿಗೆಯ ಹಾಗೆ ಕೂತಿದ್ದವು, ಪಕ್ಕದಲ್ಲಿ ಪಾರ್ಸೆಲ್ಲಿನ ಖಾಲಿ ಪೆಟ್ಟಿಗೆ. ಮೂರು ದಿನದಲ್ಲಿ ಹೊಸಪೇಟೆಯಿಂದ ಪಾರ್ಸೆಲ್ ಹೋಗಬೇಕಿತ್ತು. ಅದರ ಕಾಗದಪತ್ರಕ್ಕೆಂದು ಹೊರಟ ಅಕ್ಕೋರು ಬಾಗಿಲಲ್ಲಿ ನಿಂತು ನನ್ನನ್ನು ಕರೆದರು.

"ಮೊದಲ್ನೇ ಮಾಲು. ಅರಿಷಿಣ ಹಚ್ಚಿ ಕೈ ಮುಗದು ಇಡು. ನೀನ ಹಚ್ಚು."

ನಮ್ಮಲ್ಲಿ ಎಲ್ಲರಿಗಿಂತ ಹಿರಿಯಳು ಹುಲಿಗೆಮ್ಮ, ಮುತ್ತೈದೆ. ಅವಳು ತಲೆ ಎತ್ತಿ ಅಕ್ಕೋರನ್ನು ನೋಡಿದಳು, ನನ್ನನ್ನು ನೋಡಿದಳು. ಅಂದು ನಲ್ಲಿ ನೀರು ಬರುವ ದಿನವಾದ್ದರಿಂದ ಮಧ್ಯಾಹ್ನ ಎಲ್ಲರೂ ಮನೆಗೆ ಓಡಿದರು. ನಾನೊಬ್ಬಳೇ ಉಳಿದೆ.

ಬಟ್ಟಲಲ್ಲಿ ಅರಿಷಿಣ ಕಲಸಿದೆ. ಕುಂಕುಮದ ಭರಣಿಯೂ ಅಲ್ಲೇ ಇತ್ತು, ಅದನ್ನು ಮುಟ್ಟಲು ಧೈರ್ಯ ಬರಲಿಲ್ಲ. ಹೊಸ ಬಟ್ಟೆಯ ಮೂಲೆಗೆ ಅರಿಷಿಣ ಮುಟ್ಟಿಸದೆ ನಮ್ಮ ಕಡೆ ಯಾರೂ ಉಡುವುದಿಲ್ಲ. ಇವೂ ಹೊಸ ಬಟ್ಟೆಯೇ, ಇವನ್ನೂ ಯಾರೋ ಹೆಗಲಿಗೆ ಹಾಕಿಕೊಳ್ಳುವವರೇ ಎಂದು ಮೊದಲ ಚೀಲದ ಮೂಲೆಗೆ ಒಂದು ಬೊಟ್ಟು ಇಟ್ಟೆ. ಮೂರು ವರ್ಷದಿಂದ ಯಾರೂ ಹಚ್ಚಗೊಡದಿದ್ದ ಅರಿಷಿಣ ನನ್ನ ಬೆರಳಲ್ಲಿತ್ತು. ಎರಡನೆಯದಕ್ಕೆ ಇಟ್ಟೆ. ನಲವತ್ತಕ್ಕೂ ಇಟ್ಟೆ, ಒಂದೇ ಅಳತೆಯಲ್ಲಿ, ಬಲಗಡೆಯ ಕೆಳಮೂಲೆಗೆ, ಎಲ್ಲರಿಗೂ ಕಾಣುವ ಹಾಗೆ. ಹಾಡು ಕೂಡ ಗುನುಗಿದೆನೆಂದು ನೆನಪು.

ನೀರು ತುಂಬಿ ಮೊದಲು ಬಂದವಳು ಹುಲಿಗೆಮ್ಮ. ಅವಳ ಕೂಗಿಗೆ ಪಕ್ಕದ ಮನೆಯವರೂ ಹೊರಗೆ ಬಂದರು.

"ಅಯ್ಯೋ, ಇದೇನು ಮಾಡಿದಿ ಲೇ! ಅರಿಷಿಣ ಬಿಡೋದೈತೇನು?"

ಎರಡು ಚೀಲ ಕಸಿದುಕೊಂಡು ಹೋಗಿ ಸಬಕಾರ ಹಚ್ಚಿ ತಿಕ್ಕಿದಳು. ಹಳದಿ ಬೊಟ್ಟು ರಕ್ತದ ಹಾಗೆ ಕೆಂಪಾಗಿ ಕೂತಿತು. ಒದ್ದೆ ಚೀಲ ಹಿಡಿದುಕೊಂಡೇ ಅವಳು ಹೇಳಿದಳು: "ಯಾರ ಕೈಯಾಗ ಏನ್ ಕೊಡಬೇಕು ಅಂತ ಅಕ್ಕೋರು ನೋಡಬೇಕಿತ್ತು."

ನಾನು ಊಟದ ಡಬ್ಬಿ, ಕತ್ತರಿ ಚೀಲಕ್ಕೆ ಹಾಕಿಕೊಂಡು ಗೋಡೆಗೆ ಒರಗಿ ಕೂತೆ. ಅಕ್ಕೋರು ಬಂದೊಡನೆ ಬೈಸಿಕೊಂಡು ಹೊರಡುವುದೆಂದು.

ನಾಲ್ಕು ಗಂಟೆಯ ಬಸ್ಸಿಗೆ ಅವರು ಬಂದರು. ಮೇಜನ್ನು ನೋಡಿದರು. ಒಂದು ಪಿನ್ನು ತೆಗೆದರು. ಕೆಂಪು ಚೀಲಗಳನ್ನು ನೋಡಿದರು, ಎರಡನೆಯದು. ನನ್ನನ್ನು ನೋಡಿದರು, ಮೂರನೆಯದು. ಆಮೇಲೆ ಆ ದೊಡ್ಡ ಮೈ ಅಲುಗುವ ಹಾಗೆ ನಗಲು ಶುರು ಮಾಡಿದರು. ಕಣ್ಣಲ್ಲಿ ನೀರು ಬಂತು, ಸ್ಟೂಲು ಎಳೆದುಕೊಂಡು ಕೂತರು.

"ಪೆಟ್ಟಿಗಿಗೆ ಹಚ್ಚಂದ್ರ ಚೀಲಕ್ಕೆಲ್ಲ ಹಚ್ಚಿ ಕುಂತೀಯಲ್ಲವ್ವಾ!"

"ಪೆಟ್ಟಿಗಿ ಅಂತ ನೀವು ಹೇಳಲಿಲ್ರಿ ಅಕ್ಕೋರೇ."

"ಹೇಳಲಿಲ್ಲೇನು? ಹಂಗಾದ್ರ ತಪ್ಪು ನಂದು." ಮತ್ತೆ ನಕ್ಕರು.

ಹುಲಿಗೆಮ್ಮ ಮತ್ತೆ ಕೈಯ ಮಾತು ತೆಗೆದಳು. ಅಕ್ಕೋರ ನಗು ನಿಂತಿತು. "ಏನ್ ಹುಲಿಗೆವ್ವಾ, ಅರಿಷಿಣಕ್ಕ ಹಚ್ಚಿದೋರ ಹಣೆಬರ ಗೊತ್ತಾಗತೈತೇನು? ನೀ ಹಚ್ಚಿದ್ರೂ ಇಷ್ಟ ಹಳದಿ ಆಗತಿತ್ತು. ನಿನ್ನ ಸಬಕಾರಕ್ಕ ಕೆಂಪಾತು, ಹಂಗಂತ ನಿನ್ನ ಕೈ ಕೆಟ್ಟದ್ದು ಅಂದ್ನೇನು? ಹೋಗು, ಎರಡು ನಿಂಬಿಹಣ್ಣು ತಾ."

ನಿಂಬೆರಸ ಬಿದ್ದೊಡನೆ ಕೆಂಪು ಮತ್ತೆ ಹಳದಿಯಾಯಿತು. ನಾವೆಲ್ಲ ಬಾಯಿ ಬಿಟ್ಟು ನೋಡಿದೆವು. ಇನ್ನು ಹಳದಿ ಹೋಗುವುದು ಹೇಗೆ ಎಂದರೆ ಅವರು ಕಿಟಕಿಯ ಕಡೆ ತೋರಿಸಿದರು. "ಬಿಸಿಲು. ಅರಿಷಿಣ ತಿನ್ನೋದು ಅದೊಂದ. ನಮ್ಮ ಕಡೆ ಅದಕ್ಕೇನು ಬರಗಾಲೇನು?"

ಆದರೆ ನಮ್ಮ ಕಡೆ ಬಿಳಿ ಬಟ್ಟೆ ಹೊರಗೆ ಹಾಕಿದರೆ ಗಂಟೆಯೊಳಗೆ ಅದಿರಿನ ಧೂಳು ಕೂರುತ್ತದೆ. ಹಾಗಾಗಿ ಮರುದಿನ ಬೆಳಿಗ್ಗೆ ನಲವತ್ತು ಚೀಲಗಳನ್ನು ಬೆಡ್‌ಶೀಟಿನಲ್ಲಿ ಗಂಟು ಕಟ್ಟಿಕೊಂಡು ನಾವು ಐವರು ಅಕ್ಕೋರ ತವರೂರಾದ ಕಂಪ್ಲಿಗೆ ಹೊರಟೆವು. ಅಲ್ಲಿ ಅವರಿಗೆ ಪರಿಚಯದ ಒಂದು ರೈಸ್‌ಮಿಲ್ಲಿತ್ತು. ಮಿಲ್ಲಿನ ಮುಂದೆ ಭತ್ತ ಒಣಗಿಸುವ ಅಗಲವಾದ ಸಿಮೆಂಟಿನ ಅಂಗಳ. ಸಾಹುಕಾರರು ಅಂಗಳದ ತುಂಬ ಭತ್ತ ಹರವಿಸಿ ಕೂತಿದ್ದರು.

"ಏನ್ರಿ ಅಕ್ಕೋರೇ, ಈ ಸಲ ನಿಮ್ಮ ಕಡೆ ಚೀಲದ ಬೆಳಿ ಚಲೋ ಬಂದಂಗೈತಿ?"

"ಹೂಂ ಸಾವ್ಕಾರ್ರೇ, ಸ್ವಲ್ಪ ಹಸಿ ಐತಿ. ಎರಡು ಬಿಸಿಲು ಕಾಯಿಸಿಕೊಂಡು ಹೋಗ್ತೀವಿ. ನಿಮ್ಮ ಭತ್ತ ಈಟು ಸರೀಲಿ."

ಅವರು ನಗುತ್ತ ಭತ್ತ ಸರಿಸಿದರು. ಅರ್ಧ ಅಂಗಳದಲ್ಲಿ ಭತ್ತ, ಅರ್ಧದಲ್ಲಿ ನಮ್ಮ ಚೀಲ. ಆ ಕಡೆ ಕೂಲಿಯ ಹೆಂಗಸರು ಭತ್ತ ತಿರುವಿ ಹಾಕಿದಂತೆ ಈ ಕಡೆ ನಾವು ಚೀಲ ತಿರುವಿದೆವು. ಕಾಲು ಸುಡುತ್ತಿತ್ತು, ಕುಣಿಯುತ್ತ ಓಡಾಡುತ್ತಿದ್ದೆವು. ಅಕ್ಕೋರು ಕೊಡೆಯಡಿ ಕೂತು ಬಸಿಯಲ್ಲಿ ಚಹಾ ಹೀರುತ್ತ ಸೂರ್ಯನ ಜೊತೆ ಮಾತಾಡುತ್ತಿದ್ದರು: "ವರ್ಷಪೂರ್ತಿ ನಿನಗ ಬೈದೀವಿ ತಂದೀ, ಸಿಟ್ಟು ಮಾಡಬ್ಯಾಡ. ಇನ್ನಷ್ಟು ಉರಿ." ಕೂಲಿಯ ಹೆಂಗಸರಿಗೂ ನಮಗೂ ನಗು ತಡೆಯಲಾಗಲಿಲ್ಲ. ರಾತ್ರಿ ಅಕ್ಕೋರ ತಮ್ಮನ ಮನೆಯಲ್ಲಿ ಊಟ, ನಿದ್ದೆ. ಬೆಳಗಾದರೆ ಮತ್ತೆ ಅಂಗಳ.

ಎರಡನೆಯ ಸಂಜೆ ಹುಲಿಗೆಮ್ಮ ಒಂದೊಂದೇ ಚೀಲವನ್ನು ಬೆಳಕಿಗೆ ಹಿಡಿದು ನೋಡಿದಳು. ಮೂವತ್ತೊಂಬತ್ತು ಅಚ್ಚ ಬಿಳಿ. ಕೊನೆಯದರಲ್ಲಿ ಮಾತ್ರ ಹತ್ತಿರ ಹಿಡಿದರೆ ಕಾಣುವಂಥ ತಿಳಿ ಹಳದಿ ಉಳಿದಿತ್ತು. ಅವಳು ನನ್ನ ಪಕ್ಕ ಬಂದು ಕೂತಳು. "ಕುಂಕುಮ ಹಚ್ಚಲಿಲ್ಲ, ಪುಣ್ಯಾ ಮಾಡಿದಿ. ಅದು ಬಿಸಿಲಿಗೆ ಬಗ್ಗತಿರಲಿಲ್ಲ."

"ಮುಟ್ಟೋಕ ಧೈರ್ಯ ಆಗಲಿಲ್ಲಕ್ಕಾ" ಎಂದೆ.

ಹುಲಿಗೆಮ್ಮ ಚೀಲ ಮಡಿಸತೊಡಗಿದಳು. ಕೊಡೆಯಡಿಯಿಂದ ಅಕ್ಕೋರು ಹೇಳಿದರು: "ಮುಂದಿನ ಸಲ ಅದನ್ನೂ ಹಚ್ಚು." ಸ್ವಲ್ಪ ತಡೆದು ಸೇರಿಸಿದರು: "ಪೆಟ್ಟಿಗಿಗೆ."

ಕಲೆಯ ಚೀಲವನ್ನು ತೆಗೆದಿಡೋಣ ಎಂದರೆ ಅಕ್ಕೋರು ಒಪ್ಪಲಿಲ್ಲ. ನಲವತ್ತು ಅಂದಿದ್ದೀವಿ, ನಲವತ್ತೇ ಹೋಗಬೇಕು, ಏನಾಯಿತೆಂದು ಬರೆದು ಹೇಳೋಣ ಎಂದರು. ಅವರು ಕನ್ನಡದಲ್ಲಿ ಬರೆದದ್ದನ್ನು ಹೈಸ್ಕೂಲಿನ ಮೇಷ್ಟ್ರೊಬ್ಬರು ಇಂಗ್ಲಿಷ್ ಮಾಡಿಕೊಟ್ಟರು. ಹೊಸ ಬಟ್ಟೆಗೆ ನಾವು ಅರಿಷಿಣ ಯಾಕೆ ಹಚ್ಚುತ್ತೇವೆ, ನಮ್ಮ ಹುಡುಗಿ ಸಂತೋಷ ತಡೆಯಲಾರದೆ ಎಲ್ಲದಕ್ಕೂ ಹಚ್ಚಿದಳು, ಬಿಸಿಲು ಒಂದನ್ನು ಮರೆಯಿತು, ಅಂಗಡಿಗೆ ಬೇಡವಾದರೆ ನೀವೇ ಇಟ್ಟುಕೊಳ್ಳಿ ಎಂದಿತ್ತು ಆ ಕಾಗದದಲ್ಲಿ.

ಮಾಲು ಒಪ್ಪಿಗೆಯಾಯಿತು. ಮುಂದಿನ ಚಳಿಗಾಲದಲ್ಲಿ ಫಾರಿನ್ನಮ್ಮ ಬಂದಳು, ಹೆಗಲಿಗೆ ಅದೇ ಕಲೆಯ ಚೀಲ. ಅಕ್ಕೋರನ್ನು ಅಪ್ಪಿಕೊಂಡು, ಆಮೇಲೆ ನನ್ನೆದುರು ಬಂದು ನಿಂತು, ಬ್ಯಾಗಿನಿಂದ ಹೊಸದೊಂದು ಶಾಲು ತೆಗೆದು ಅದರ ಮೂಲೆಯನ್ನು ನನ್ನ ಕಡೆ ಚಾಚಿದಳು. ಅರ್ಥವಾಗದೆ ಅಕ್ಕೋರನ್ನು ನೋಡಿದೆ. ಅವರು ಆಗಲೇ ಪಿನ್ನು ತೆಗೆಯುತ್ತಿದ್ದರು. "ನೋಡ್ತಿಯೇನು? ಬಟ್ಟಲು ತಾ. ಅಕೀಗೆ ನಿನ್ನ ಕೈಯಿಂದನ ಬೇಕಂತ."

ಅಲ್ಲಿಂದ ಏಳು ವರ್ಷ, ತಪ್ಪದೆ ಪಾರ್ಸೆಲ್ ಹೋಗಿದೆ. ಪ್ರತಿ ಸಲ ಅರಿಷಿಣ ಕುಂಕುಮ ನನ್ನ ಕೈಯಿಂದಲೇ. ಪ್ರತಿ ಸಲವೂ ಹಿಂದಿನಿಂದ ಅದೇ ದನಿ: "ಪೆಟ್ಟಿಗಿಗೆ ಅಷ್ಟ ಹಚ್ಚವ್ವಾ." ಹೊಸದಾಗಿ ಬಂದವರು ಯಾಕೆ ನಗುತ್ತೀರೆಂದು ಕೇಳುತ್ತಿದ್ದರು. ಆಗ ಹುಲಿಗೆಮ್ಮ ಕಥೆ ಹೇಳುತ್ತಿದ್ದಳು, ತನ್ನ ಸಬಕಾರವನ್ನೂ ಬಿಡದೆ. ಈಗ ನಾನು ಕುರೆಕುಪ್ಪದಲ್ಲೇ ನನ್ನದೇ ಒಂದು ಬಾಡಿಗೆ ಮನೆಯಲ್ಲಿದ್ದೇನೆ, ಹೊಸಬರಿಗೆ ಪೇಪರಿನ ಮೇಲೆ ಗೆರೆ ಎಳೆದುಕೊಡುತ್ತೇನೆ.

ಮಧ್ಯಾಹ್ನ ಊಟವಾದ ಮೇಲೆ ಅಕ್ಕೋರು ಕಟಿಂಗ್ ಮೇಜಿನ ಮೇಲೆ ಹತ್ತು ನಿಮಿಷ ಮಲಗುವುದು ರೂಢಿ. ಆ ದಿನವೂ ಮಲಗಿದರು. ಎಬ್ಬಿಸಲು ಹೋದವಳು ನಾನೇ. ಏಳಲಿಲ್ಲ. ಮೂರೂ ಪಿನ್ನುಗಳು ಸೆರಗಿನ ಅಂಚಿನಲ್ಲಿ ಸಾಲಾಗಿದ್ದವು, ಇನ್ನೇನು ನಗುತ್ತಾರೆ ಎನ್ನುವ ಹಾಗೆ.

ಕಂಪ್ಲಿಯಲ್ಲಿ ಮಣ್ಣು ಮಾಡಿದರು. ನಾವೆಲ್ಲ ಸೇರಿ ಒಂದು ಹೊಸ ಸೀರೆ ತಂದಿದ್ದೆವು. ಉಡಿಸುವ ಮೊದಲು ನೆಂಟರ ಪೈಕಿ ಯಾರೋ ಅರಿಷಿಣ ಹಚ್ಚಲು ಮುತ್ತೈದೆಯರನ್ನು ಕರೆಯಿರಿ ಎಂದರು. ನಾನು ಅಭ್ಯಾಸದಿಂದ ಒಂದು ಹೆಜ್ಜೆ ಹಿಂದೆ ಸರಿದೆ. ಹುಲಿಗೆಮ್ಮ ಬಟ್ಟಲು ಹಿಡಿದುಕೊಂಡು ಜನರ ನಡುವೆ ದಾರಿ ಮಾಡಿಕೊಂಡು ನನ್ನ ಹತ್ತಿರವೇ ಬಂದಳು.

"ಇಕೀನ ಹಚ್ಚಬೇಕು. ಅಕ್ಕೋರು ಯಾವಾಗೋ ಹೇಳ್ಯಾರ."

ಸೀರೆಯ ಮೂಲೆಗೆ ಒಂದು ಬೊಟ್ಟು ಇಟ್ಟೆ. ಪೆಟ್ಟಿಗಿಗೆ ಅಷ್ಟ ಎಂದು ಹಿಂದಿನಿಂದ ಯಾರೂ ಅನ್ನಲಿಲ್ಲ. ಅಳುತ್ತಲೇ ನಗು ಬಂತು. ಮಣ್ಣೊಳಗೆ ಬಿಸಿಲು ಹೋಗುವುದಿಲ್ಲ. ಆ ಬೊಟ್ಟು ಹಾಗೆಯೇ ಇರುತ್ತದೆ.