ಒಂದು ರೊಟ್ಟಿ ಉಳಿಸಿದ್ದು

ತೂಕ ಇಳಿಸಲು ಡಾಕ್ಟರು ಊಟದ ಪಟ್ಟಿ ಬರೆದುಕೊಟ್ಟಿದ್ದರು. ಮಧ್ಯಾಹ್ನಕ್ಕೆ ಎರಡು ರೊಟ್ಟಿ, ಕಾಳುಪಲ್ಯ, ಮೊಸರು. ಬೇಗ ಇಳಿಯಲಿ ಎಂದು ನಾನೇ ಅದನ್ನು ಅರ್ಧ ಮಾಡಿಕೊಂಡೆ. ಹೊಲಿಗೆ ಮಷಿನ್ ರಿಪೇರಿ ಮಾಡಿಕೊಡಲು ನೇಸರಗಿಗೆ ಹೋದಾಗಲೆಲ್ಲ ಖಾನಾವಳಿಯಲ್ಲಿ ಒಂದೇ ರೊಟ್ಟಿ ತಿಂದು, ಇನ್ನೊಂದು ಬೀಳದಂತೆ ತಾಟಿಗೆ ಕೈ ಅಡ್ಡ ಹಿಡಿಯುತ್ತಿದ್ದೆ. ತಿಂಗಳಾದರೂ ತೂಕ ಜಗ್ಗಲಿಲ್ಲ.

ಅವತ್ತು ಖಾನಾವಳಿಯ ಅಕ್ಕ ರೊಟ್ಟಿ ಹಿಡಿದು ನಿಂತೇಬಿಟ್ಟರು. "ಕೈ ತಗೀರಿ."

"ಡಯಟ್ ಅದ ರೀ ಅಕ್ಕಾರ," ಎಂದು ಪಟ್ಟಿ ತೋರಿಸಿದೆ.

ಅಕ್ಕ ಅದನ್ನು ಪೂರ್ತಿ ಓದಿದರು. "ಇದರಾಗ ಎರಡು ಅಂತ ಬರದೈತಲ್ರಿ! ಇಲ್ಲಿ ಒಂದು ರೊಟ್ಟಿ ಉಳಸ್ತೀರಿ, ಸಂಜಿಮುಂದ ಎದುರಿನ ಗಾಡ್ಯಾಗ ಎರಡು ಪ್ಲೇಟ್ ಮಿರ್ಚಿಭಜಿ ಹೊಡೀತೀರಿ. ನನಗ ಇಲ್ಲಿಂದ ಎಲ್ಲಾ ಕಾಣ್ತೈತಿ."

ಊಟಕ್ಕೆ ಕುಂತವರೆಲ್ಲ ನಕ್ಕರು. ನಾನು ಕೈ ತೆಗೆದೆ.

ಎರಡೂ ರೊಟ್ಟಿ, ಮಡಕಿಕಾಳಿನ ಪಲ್ಯ, ಬಟ್ಟಲು ತುಂಬ ಮೊಸರು ಉಂಡೆ. ಸಂಜೆ ಬಸ್ಸಿಗೆ ನಿಂತಾಗ ಭಜಿಯ ವಾಸನೆ ಬಂತು, ಹಸಿವೆ ಮಾತ್ರ ಬರಲಿಲ್ಲ.

ಈಗ ಬೆಲ್ಟಿಗೆ ಹೊಸದೊಂದು ತೂತು ಕೊರೆಸಿದ್ದೇನೆ. ಎಲ್ಲರೂ ಚಲೋ ಆತು ಅನ್ನುತ್ತಾರೆ. ಭಜಿ ಗಾಡಿಯವನೊಬ್ಬನೇ ಕಂಡಾಗೊಮ್ಮೆ ಮರುಗುತ್ತಾನೆ: "ಯಾಕ್ರಿ, ಆರಾಮ ಇಲ್ಲೇನ್ರಿ?"